ಅಪ್‌ಡೇಟ್: ಆ ಹಳದಿ ಲೈಕೆನ್ ಝಾಂಥೋರಿಯಾ ಪರೈಟೀನಾನೇ

ತೊಗಟೆ ಮೇಲೂ ಗೋಡೆ ಮೇಲೂ ಒಂದೇ ಥರ ಹಬ್ಬಿದ್ದ ಎಲೆಯಂಥ ಹಳದಿ ಲೈಕೆನ್ (ಶಿಲೀಂಧ್ರ, ಪಾಚಿ ಒಂದಾಗಿ ಬಾಳುವ ಜೀವಿ) ಯಾವುದು ಅಂತ ಇಲ್ಲಿ ಕೇಳಿದ್ದೆ. ಕ್ಯಾಂಡಲೇರಿಯಾ ಎಂಬ ಇನ್ನೊಂದು ಹಳದಿ ಲೈಕೆನ್ ಅಂತ ಕೆಲವರು, ಝಾಂಥೋರಿಯಾ ಪರೈಟೀನಾ ಅಂತ ಉಳಿದವರು ಹೇಳಿದ್ರಿ. ಎರಡನೆಯದೇ ಸರಿ.

ಅನುಮಾನ ಬಗೆಹರಿಸಿದ್ದು ಕೆ ಪರೀಕ್ಷೆ. ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಲ್ಲುಕಡ್ಡಿ ಅದ್ದಿ, ಬಿಡಿಸಿಕೊಂಡ ಚೂರಿಗೆ ಮುಟ್ಟಿಸಿದ ತಕ್ಷಣ ಹಳದಿ ಮಾಯವಾಗಿ ಕಡು ನೇರಳೆಗೆಂಪು ಹರಡಿತು. ಇದು ಪರೈಟಿನ್ ಎಂಬ ವರ್ಣದ್ರವ್ಯದ ಗುರುತು. ಕ್ಯಾಂಡಲೇರಿಯಾದಲ್ಲಿ ಅದಿಲ್ಲ, ಹಾಗಾಗಿ ಬಣ್ಣ ಬದಲಾಗಲ್ಲ, ಬದಲಾದರೂ ಮಂಕು ಕೆಂಪಷ್ಟೇ. (ದ್ರಾವಣ ಚರ್ಮ ಸುಡುತ್ತೆ, ಕೈಗವಸು, ಕನ್ನಡಕ ಬೇಕೇ ಬೇಕು.)

ಮೊದಲ ಚೂರಲ್ಲಿ ಏನೂ ಕಾಣಲಿಲ್ಲ. ಕಾರಣ, ಅದು ನೆರಳಲ್ಲಿ ಬೆಳೆದ ಬೂದುಹಸಿರು ಭಾಗ. ಪರೈಟಿನ್ ಬಿಸಿಲಿನ ಅತಿನೇರಳೆ ಕಿರಣಕ್ಕೆ ಕೊಡೆ ಇದ್ದಂತೆ. ಬಿಸಿಲಿಲ್ಲದ ಕಡೆ ತೀರಾ ಕಡಿಮೆ. ಬಿಸಿಲಿಗೆ ಬಿದ್ದ ಹಾಲೆಯನ್ನೇ (ಲೈಕೆನ್‌ನ ಎಲೆಯಂಥ ಕವಲು) ಆರಿಸಿ. ಬಾಟಲಿ ತೆರೆದಿಟ್ಟ ಹಳೇ ದ್ರಾವಣವೂ ಕೈಕೊಡುತ್ತೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸತ್ವ ಕಳೆದುಕೊಂಡಿರುತ್ತೆ.

10 ಪಟ್ಟಿನ ಲೆನ್ಸಲ್ಲಿ ನೋಡಿದ್ರೆ ಹಾಲೆಗಳು 2–4 ಮಿ.ಮೀ. ಅಗಲ, ಕ್ಯಾಂಡಲೇರಿಯಾದ್ದು ಅರ್ಧ ಮಿ.ಮೀ. ದಾಟೋದು ಅಪರೂಪ. ನಡುವೆ ಬೀಜಕಣ ಬಿಡುವ ಕಿತ್ತಳೆ ಬಣ್ಣದ ಪುಟ್ಟ ಬಟ್ಟಲುಗಳು ಗಿಜಿಗುಟ್ಟುತ್ತಿವೆ, ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇಲ್ಲ. ಕೆಳಮೈ ಬಿಳಿ. ಉಗುರಿಂದ ಅಂಚು ಎದ್ದು ಬಂತು, ಹಾಗಾಗಿ ಕ್ಯಾಲೊಪ್ಲಾಕಾ ಥರ ಕಲ್ಲಿಗೋ ತೊಗಟೆಗೋ ಪೂರ್ತಿ ಅಂಟಿಕೊಂಡಿರೋ ಹೊಪ್ಪಳೆಯಂಥ ಲೈಕೆನ್ ಕೂಡ ಅಲ್ಲ.