ಆಟದೊಳಗಿನ ವಿಡಿಯೊ ಯಾರ ಸ್ವತ್ತು? ಗೇಮ್ ತಯಾರಕರ ಬಳಗದಲ್ಲಿ ಬಳ್ಳಾರಿಯ ವಕೀಲರೊಂದಿಗೆ ಪ್ರಶ್ನೋತ್ತರ

ಗಂಗಾವತಿಯ ಸದಸ್ಯ: ನಮಸ್ಕಾರ ಮೇಡಂ. ಆನೆಗೊಂದಿಯ ಬೆಟ್ಟಗಳಲ್ಲಿ ನಡೆಯುವ ಆಟವೊಂದನ್ನು ನಾವಿಬ್ಬರು ಗೆಳೆಯರು ಆಟ ತಯಾರಿಸುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಸಿದ್ಧಪಡಿಸಿ, ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ ಮಾರಲಿದ್ದೇವೆ. ಸಂಗೀತವು ಎಂಪಿ3ಯಲ್ಲಿದೆ. ಎಂಪಿ3 ವಿಧಾನದ ಪೇಟೆಂಟ್‌ಗೆ ರಾಯಧನ ಕೊಡಬೇಕೆ?

ವಕೀಲರು: ಬೇಕಿಲ್ಲ. ಆ ಪರವಾನಗಿ ಯೋಜನೆಯು 2017ರ ಏಪ್ರಿಲ್‌ನಲ್ಲಿಯೇ ಮುಗಿದಿದೆ.

ಗಂಗಾವತಿಯ ಸದಸ್ಯ: ಧನ್ಯವಾದಗಳು. ಕಥೆ ಹೇಳುವ ವಿಡಿಯೊಗಳು ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನದಲ್ಲಿವೆ. ಅವುಗಳನ್ನು ತೋರಿಸಲು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವನ್ನು ಆಟದ ಜೊತೆಗೇ ಕೊಡುತ್ತಿದ್ದೇವೆ. ಅದು ಉಚಿತವಲ್ಲವೆ?

ವಕೀಲರು: ನನಗೆ ಆತಂಕವಾಗುವುದು ಇಲ್ಲಿಯೇ. ಉಚಿತವಾಗಿರುವುದು ಆ ತಂತ್ರಾಂಶದ ಕೋಡ್ ಮಾತ್ರ. ವಿಡಿಯೊ ಕುಗ್ಗಿಸುವ ವಿಧಾನದ ಪೇಟೆಂಟ್‌ಗಳು ಬೇರೆಯವರ ಕೈಯಲ್ಲಿವೆ. ಎಚ್.265ರ ಪೇಟೆಂಟ್‌ಗಳು ಒಟ್ಟಾಗಿ ಪರವಾನಗಿ ಕೊಡುವ ಒಡೆಯರ ಒಂದಕ್ಕಿಂತ ಹೆಚ್ಚು ಕೂಟಗಳಲ್ಲಿ ಹಂಚಿಹೋಗಿದ್ದು, ಯಾವ ಕೂಟಕ್ಕೂ ಸೇರದ ಒಡೆಯರೂ ಇರುವುದರಿಂದ, ಒಂದು ಕಡೆ ಹಣ ಕಟ್ಟಿದ ಮೇಲೆ ಇನ್ನೊಬ್ಬರು ಕೇಳುವುದಿಲ್ಲ ಎಂಬ ಖಾತ್ರಿಯಿಲ್ಲ. ಈ ಗೋಜಲಿಗೆ ಬೇಸತ್ತ ದೊಡ್ಡ ಕಂಪನಿಗಳೇ 2015ರಲ್ಲಿ ಒಕ್ಕೂಟ ಕಟ್ಟಿಕೊಂಡು 2018ರಲ್ಲಿ ಎವಿ1 ಎಂಬ ಬದಲಿ ವಿಧಾನವನ್ನು ಹೊರತಂದವು. ಅದರ ಮೇಲೂ ಹಕ್ಕು ಸಾರುವವರು ಹುಟ್ಟಿಕೊಂಡರೆಂಬುದು ಬೇರೆ ಮಾತು. ಇನ್ನೊಂದು ಅಪಾಯವನ್ನು ನೀವೇ ಪರೀಕ್ಷಿಸಬಹುದು. ಎಫ್‌ಎಫ್‌ಎಂಪೆಗ್‌ನ ಆವೃತ್ತಿ ಕೇಳಿದಾಗ ತೆರೆಯ ಮೇಲೆ ಬರುವ ಕಾನ್ಫಿಗರೇಶನ್ ಸಾಲಿನಲ್ಲಿ ‘ಎನೇಬಲ್-ಜಿಪಿಎಲ್’ (ಜಿಪಿಎಲ್ ಎಂಬುದು ಮೂಲ ಕೋಡ್ ಹಂಚಬೇಕೆಂಬ ಷರತ್ತಿನ ಪರವಾನಗಿ) ಎಂದಿದ್ದರೆ, ಅದನ್ನು ಆಟದೊಂದಿಗೆ ಬೆಸೆದು ಮಾರುವಾಗ ನಿಮ್ಮ ಆಟದ ಮೂಲ ಕೋಡನ್ನೂ ಕೊಡಬೇಕಾದ ಪ್ರಸಂಗ ಬರಬಹುದು. ಗೋಡೋದಲ್ಲಿ ಆಗ್ ಥಿಯೋರಾ ಎಂಬ ಇನ್ನೊಂದು ವಿಧಾನದ ವಿಡಿಯೊ ಹೊರಗಿನ ನೆರವಿಲ್ಲದೆ ಓಡುತ್ತದೆ. ಚಿತ್ರ ತುಸು ಮಂಕಾಗುತ್ತದೆ, ಫೈಲು ಹಿಗ್ಗುತ್ತದೆ. ಆದರೂ ಬಿಡುಗಡೆಗೆ ಮೊದಲೇ ವಿಡಿಯೊಗಳನ್ನು ಅದಕ್ಕೆ ಬದಲಿಸಿ.

ಸಿಂಧನೂರಿನ ಸದಸ್ಯ: ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4 ಅಳಿಸಿ ಎಂಕೆವಿ ಎಂದು ಬರೆದರೆ ಪೇಟೆಂಟ್ ಅನ್ವಯಿಸುವುದಿಲ್ಲವೆಂದು ಒಂದು ಫಾರ್ವರ್ಡ್ ಬಂದಿದೆ.

ವಕೀಲರು: ಚೀಲದ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಸೋನಾ ಮಸೂರಿ ಜೋಳವಾಗುವುದಿಲ್ಲ. ಎಂಪಿ4, ಎಂಕೆವಿ ಎರಡೂ ಹೊರಕವಚಗಳು. ಇಂಥ ಫಾರ್ವರ್ಡ್‌ಗಳನ್ನು ನಂಬಿ ಕೆಟ್ಟವರ ಕಾಗದಪತ್ರಗಳೇ ಕೊನೆಗೆ ನಮ್ಮ ಮೇಜಿಗೆ ಬರುತ್ತವೆ. ದಯವಿಟ್ಟು ಇಲ್ಲಿ ಹಾಕಬೇಡಿ.

ರಾಯಚೂರಿನ ಸದಸ್ಯ: ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಕೊಡುವುದಿಲ್ಲ. ಹೀಗೆ ಹೆದರಿಸಿದರೆ ಸಣ್ಣವರು ಆಟ ಮಾಡುವುದನ್ನೇ ಬಿಡಬೇಕೆ?

ಕಂಪ್ಲಿಯ ಸದಸ್ಯ: ಸ್ಟೀಮ್‌ನಲ್ಲಿಟ್ಟ ಆಟವನ್ನು ಅಮೆರಿಕದವರೂ ಕೊಳ್ಳುತ್ತಾರೆ. ಅಲ್ಲಿ ನಿಮ್ಮ 3(ಕೆ) ನಡೆಯುವುದಿಲ್ಲ.

ರಾಯಚೂರಿನ ಸದಸ್ಯ: ಇಬ್ಬರು ಹುಡುಗರ ಮೇಲೆ ಅಮೆರಿಕದಲ್ಲಿ ದಾವೆ ಹೂಡುವವರು ಯಾರು? ಒಂದು ಆಟವನ್ನೂ ಹೊರತರದವರಿಗೆ ಉಪದೇಶ ಸುಲಭ.

ಕಂಪ್ಲಿಯ ಸದಸ್ಯ: ವೈಯಕ್ತಿಕ ಮಾತು ಬೇಡ. ದಾವೆಯೇ ಆಗಬೇಕೆಂದಿಲ್ಲ, ಒಂದು ದೂರು ಹೋದರೂ ಮಾರಾಟ ನಿಲ್ಲಬಹುದು.

ಲಿಂಗಸುಗೂರಿನ ಸದಸ್ಯೆ: ಮೇಡಂ, ನಮ್ಮೂರಿನ ತತ್ವಪದಕಾರರಿಂದ ಹಾಡಿಸಿದ್ದೇವೆ, ಒಪ್ಪಂದ ಬಾಯಿಮಾತಿನದು. ಫೈಲು ‘ಆಗ್’ ಮಾದರಿಯದಾಗಿರುವುದರಿಂದ ತೊಂದರೆ ಇಲ್ಲವಲ್ಲವೆ?

ಕುಷ್ಟಗಿಯ ಸದಸ್ಯ: ಎಂಪಿ3ಗೆ ರಾಯಧನ ಉಂಟೆ?

ವಕೀಲರು: ಮೇಲೆ ಓದಿ. ರಾಯಚೂರಿನವರಿಗೆ: ತಾಂತ್ರಿಕ ಪರಿಣಾಮವಿರುವ ಆವಿಷ್ಕಾರವನ್ನು 3(ಕೆ) ತಡೆಯುವುದಿಲ್ಲವೆಂಬುದು ದೆಹಲಿ ಹೈಕೋರ್ಟಿನ 2019ರ ತೀರ್ಪಿನಲ್ಲಿಯೇ ಇದೆ. ಅರ್ಧ ಕಲಮು ಓದಿ ವಾದಿಸಬೇಡಿ.

ರಾಯಚೂರಿನ ಸದಸ್ಯ: ಪೂರ್ತಿ ಓದಿದವರು ಶುಲ್ಕ ಕೇಳುತ್ತಾರೆ.

ಗಂಗಾವತಿಯ ಸದಸ್ಯ: ಮೇಡಂ, ಎನೇಬಲ್-ಜಿಪಿಎಲ್ ಇದೆ. ವಿಡಿಯೊದ ಮೂಲ ಎಡಿಟ್ ಫೈಲು ಉಳಿದಿಲ್ಲ. ಎಚ್.265 ಪ್ರತಿಯಿಂದಲೇ ಬದಲಿಸಬಹುದೆ?

ವಕೀಲರು: ಬದಲಿಸಿ; ಗುಣಮಟ್ಟ ಇನ್ನಷ್ಟು ಕುಗ್ಗುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಎಫ್‌ಎಫ್‌ಎಂಪೆಗ್‌ನ ಫೈಲುಗಳನ್ನು ಆಟದ ಫೋಲ್ಡರಿನಿಂದ ತೆಗೆದ ಮೇಲೆಯೇ ಸ್ಟೀಮ್‌ಗೆ ಏರಿಸಿ.