ಮಾರುತಿ 800ಕ್ಕೆ ಪವರ್ ವಿಂಡೋ ಹಾಕಿಸಬೇಕಾ, ಹ್ಯಾಂಡಲ್ಲೇ ಇರಲಾ?

ಆಗುಂಬೆ_ಘಾಟಿ:
ಗಾಡಿ ಮಾರುತಿ 800, ನಾಲ್ಕೂ ಬಾಗಿಲಿಗೆ ಹ್ಯಾಂಡಲ್. ಡ್ರೈವರ್ ಕಡೆ ಗ್ಲಾಸು ಏರಿಸುವಾಗ ಮುಕ್ಕಾಲು ದಾರಿಯಲ್ಲಿ ಬಿಗಿಯಾಗುತ್ತದೆ, ಇನ್ನೊಂದು ಕೈಯಲ್ಲಿ ಗ್ಲಾಸು ಹಿಡಿದೆತ್ತಬೇಕು. ಮುಂದಿನ ಎರಡು ಬಾಗಿಲಿಗೆ ಪವರ್ ವಿಂಡೋ ಹಾಕಿಸೋಣ ಅಂತ ಕೇಳಿದರೆ ಅಂಗಡಿಯವರು ಎರಡು ಬಗೆ ತೋರಿಸಿದರು. ಹ್ಯಾಂಡಲ್ ಕೂರುವ ಹಲ್ಲಿಗೇ ಮೋಟರ್ ಜೋಡಿಸುವುದು ಒಂದು, ಬಾಗಿಲೊಳಗೆ ಗ್ಲಾಸು ಏರಿಸಿ ಇಳಿಸುವ ಗ್ಲಾಸ್ ಮಷೀನನ್ನೇ ಮೋಟರ್ ಸಮೇತ ಬದಲಿಸುವುದು ಇನ್ನೊಂದು. ಯಾವುದು ಬಾಳಿಕೆ ಬರುತ್ತದೆ? ವೈರಿಂಗ್‌ನಲ್ಲಿ ಏನು ನೋಡಿಕೊಳ್ಳಬೇಕು?

ಹತ್ತನೇ_ಸ್ಪ್ಯಾನರ್:
ಕಿಟ್ ಮಾತು ಆಮೇಲೆ. ಕೈಗೇ ಬಿಗಿ ಇರುವ ಗ್ಲಾಸಿಗೆ ಮೋಟರ್ ಕೂರಿಸಿದರೆ ಬಿಗಿ ಎಲ್ಲೂ ಹೋಗುವುದಿಲ್ಲ. ನಿಮ್ಮ ತೋಳಿನ ಬದಲು ಮೋಟರ್ ಒದ್ದಾಡುತ್ತದೆ, ಸ್ವಲ್ಪ ದಿನಕ್ಕೆ ಅದರೊಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಉದುರುತ್ತದೆ.

ಮೊದಲು ಹ್ಯಾಂಡಲ್ ಬಿಚ್ಚಿ. ಹ್ಯಾಂಡಲ್ ಮತ್ತು ಅದರ ಹಿಂದಿನ ವಾಷರ್ ನಡುವೆ ಹಳೇ ಬಟ್ಟೆಯ ಅಂಚು ತೂರಿಸಿ, ಎರಡೂ ತುದಿ ಹಿಡಿದು ಶೂ ಪಾಲಿಶ್ ಮಾಡುವ ಹಾಗೆ ಎಳೆದಾಡಿದರೆ ಲಾಳದ ಆಕಾರದ ಲಾಕ್ ಚಿಮ್ಮಿ ಬರುತ್ತದೆ. ಚಿಮ್ಮುವ ಕಡೆ ಕೈ ಅಡ್ಡ ಇಟ್ಟುಕೊಳ್ಳಿ, ಸೀಟಿನಡಿ ಸೇರಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಆಮೇಲೆ ಕೈ ಹಿಡಿಕೆಯ ಸ್ಕ್ರೂ ತೆಗೆದು ಡೋರ್ ಪ್ಯಾಡ್ ಕಳಚಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದ ಹಾಗೆ ನಿಧಾನ ಬಿಡಿಸಿ. ವಾಪಸ್ ಅಂಟಿಸುವಾಗ ಕೆಳಗಡೆ ಸಂದು ಬಿಟ್ಟರೆ ಮಳೆ ನೀರು ಬಾಗಿಲ ಬುಡದ ತೂತಿನಿಂದ ಹೊರಗೆ ಹೋಗುವ ಬದಲು ಕಾರ್ಪೆಟ್ ಮೇಲೆ ನಿಲ್ಲುತ್ತದೆ.

ಈಗ ಮಷೀನಿನಿಂದ ಗ್ಲಾಸು ಬಿಡಿಸಿ, ಎರಡೂ ಅಂಗೈಯಲ್ಲಿ ಹಿಡಿದು ಮೇಲೆ ಕೆಳಗೆ ಸರಿಸಿ ನೋಡಿ. ಗ್ಲಾಸು ಒಂದೇ ಹದದಲ್ಲಿ ಜಾರಿದರೆ ತಪ್ಪು ಮಷೀನಿನದು: ಹಲ್ಲು ಸವೆದಿದೆ, ತೋಳು ಬಾಗಿದೆ ಅಥವಾ ರೋಲರ್ ಒಣಗಿದೆ. ಅಲ್ಲೂ ಹಿಡಿದರೆ ತಪ್ಪು ಚಾನೆಲ್ ರಬ್ಬರ್‌ನದು, ಅಂದರೆ ಗ್ಲಾಸಿನ ಅಂಚು ಜಾರುವ ಗಾಡಿಯೊಳಗಿನ ರಬ್ಬರಿನದು. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ. ಒಳಗಿನ ಮಖಮಲ್ಲಿನಂಥ ಪದರ ಸವೆದು, ಧೂಳು ಸೇರಿ ಗಟ್ಟಿಯಾಗಿರುತ್ತದೆ. ತೆಳ್ಳಗಿನ ಪಟ್ಟಿಗೆ ಬಟ್ಟೆ ಸುತ್ತಿ, ಸೋಪಿನ ನೀರಲ್ಲಿ ಅದ್ದಿ ಚಾನೆಲ್ ಒಳಗೆ ಉಜ್ಜಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ನಾಲ್ಕೈದು ಸಲ ಏರಿಸಿ ಇಳಿಸಿ. ಗ್ರೀಸು, ಎಂಜಿನ್ ಆಯಿಲ್ ರಬ್ಬರಿಗೆ ಮುಟ್ಟಿಸಲೇಬೇಡಿ. ರಬ್ಬರ್ ಉಬ್ಬಿಕೊಳ್ಳುತ್ತದೆ, ಧೂಳು ಕೆಸರಾಗುತ್ತದೆ. ಗ್ರೀಸು ಏನಿದ್ದರೂ ಮಷೀನಿನ ಹಲ್ಲಿಗೆ ಮತ್ತು ರೋಲರಿಗೆ.

ಇಷ್ಟಾದ ಮೇಲೂ ಪವರ್ ವಿಂಡೋ ಬೇಕೆನಿಸಿದರೆ ಮಷೀನ್ ಸಮೇತದ್ದೇ ತೊಗೊಳ್ಳಿ. ಹಳೇ ಹಲ್ಲಿಗೆ ಜೋಡಿಸುವ ಕಿಟ್ ಅಗ್ಗ, ಆದರೆ ಸವೆದ ಮಷೀನೇ ಮುಂದುವರಿಯುತ್ತದೆ. ಬ್ರಾಕೆಟ್ ಕೊಂಚ ಅಲುಗಿದರೂ ಮೋಟರ್ ತಿರುಗುತ್ತದೆ, ಗ್ಲಾಸು ನಿಂತಲ್ಲೇ ನಿಂತಿರುತ್ತದೆ.

ಫ್ಯೂಸ್_ಕಟ್ಟೆ:
ಮೇಲೆ ಹೇಳಿದ್ದೆಲ್ಲ ಸರಿ. ವೈರಿಂಗ್ ಬಗ್ಗೆ ನಾನು ಸೇರಿಸುತ್ತೇನೆ. ಇಲ್ಲಿ ಕೆಡಿಸುವವರೇ ಜಾಸ್ತಿ.

ಸಿಗರೇಟ್ ಲೈಟರ್ ವೈರಿನಿಂದ ಲೈನ್ ಕದಿಯಲು ಬಿಡಬೇಡಿ. ಗ್ಲಾಸು ತುದಿ ಮುಟ್ಟಿದ ಮೇಲೂ ಸ್ವಿಚ್ ಒತ್ತಿಯೇ ಇದ್ದರೆ ಒಂದು ಮೋಟರ್ ಎಳೆಯುವ ಕರೆಂಟ್ 15 ಆಂಪಿಯರ್ ದಾಟಬಹುದು. ಬ್ಯಾಟರಿ ಪ್ಲಸ್‌ನಿಂದ ನೇರ ಲೈನ್, ಟರ್ಮಿನಲ್‌ನಿಂದ ಗೇಣುದ್ದದೊಳಗೆ 20ರಿಂದ 30 ಆಂಪಿಯರ್ ಫ್ಯೂಸ್ (ಕಿಟ್ ಜೊತೆ ಎಷ್ಟರದ್ದು ಕೊಟ್ಟಿದ್ದಾರೋ ಅಷ್ಟೇ), ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಲೈನನ್ನು ಆನ್-ಆಫ್ ಮಾಡುವ ಸ್ವಿಚ್). ರಿಲೇಯ 30ನೇ ಪಿನ್ನಿಗೆ ಬ್ಯಾಟರಿ ಲೈನ್, 87ರಿಂದ ಸ್ವಿಚ್ಚುಗಳಿಗೆ, 86ಕ್ಕೆ ಇಗ್ನಿಷನ್, 85 ಅರ್ಥ್. ಕೀ ತೆಗೆದರೆ ಗ್ಲಾಸು ಓಡಬಾರದು. ಒಳಗೆ ಮಕ್ಕಳು ಕೂತಿರುತ್ತಾರೆ. ಮುಖ್ಯ ಲೈನಿಗೆ 2.5 ಚದರ ಮಿಲಿಮೀಟರ್ ವೈರಿಗಿಂತ ಕಡಿಮೆ ಬೇಡ.

ಬಾಗಿಲಿಗೂ ಬಾಡಿಗೂ ನಡುವೆ ವೈರ್ ಹಾಯುವ ಜಾಗ ನೀವೇ ನಿಂತು ನೋಡಬೇಕಾದ್ದು. ತೂತು ಕೊರೆದರೆ ಅಂಚು ಉಜ್ಜಿ, ಪೇಂಟ್ ಹಚ್ಚಿ, ರಬ್ಬರ್ ಗ್ರೊಮೆಟ್ (ವೈರ್ ಉಜ್ಜದ ಹಾಗೆ ತೂತಿಗೆ ಹಾಕುವ ಬಳೆ) ಕೂರಿಸಲೇಬೇಕು. ಎರಡು ತೂತು ಎದುರುಬದುರು ಬೇಡ, ಒಂದು ಸ್ವಲ್ಪ ಮೇಲೆ ಇನ್ನೊಂದು ಕೆಳಗೆ ಇರಲಿ. ಆಗ ಬಾಗಿಲು ಮುಚ್ಚಿದಾಗ ವೈರ್ ಮಡಚುವುದಿಲ್ಲ, ತಿರುಚಿಕೊಳ್ಳುತ್ತದೆ. ಮಡಚಿದ ತಾಮ್ರ ಒಳಗೇ ತುಂಡಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿ ಕಾಣುತ್ತದೆ. ಬಾಗಿಲು ಅರ್ಧ ತೆರೆದಾಗ ಗ್ಲಾಸು ಓಡಿ, ಮುಚ್ಚಿದಾಗ ನಿಂತರೆ ಇದೇ ಕಾರಣ.

ಡ್ರೈವರ್ ಕಡೆಯಿಂದ ಎರಡೂ ಗ್ಲಾಸು ಓಡಿಸುವ ವೈರಿಂಗ್‌ನಲ್ಲಿ ಪಕ್ಕದ ಬಾಗಿಲಿನ ಸ್ವಿಚ್ಚಿಗೆ ಅರ್ಥ್ ಸಿಗುವುದು ಸಾಮಾನ್ಯವಾಗಿ ಡ್ರೈವರ್ ಸ್ವಿಚ್ ಮೂಲಕವೇ. ಹಾಗಾಗಿ ಮುಂದೊಂದು ದಿನ ಪಕ್ಕದ ಬಾಗಿಲಿನ ಗ್ಲಾಸು ಅಲ್ಲಾಡದಿದ್ದರೆ ಮೋಟರ್ ಬಿಚ್ಚುವ ಮೊದಲು ಡ್ರೈವರ್ ಸ್ವಿಚ್ಚಿನ ಪಾಯಿಂಟ್ ಸುಟ್ಟಿದೆಯಾ ನೋಡಿ.

ನಿಧಾನವಾದರೆ ಗ್ಲಾಸು ಏರುತ್ತಿರುವಾಗಲೇ ಮೋಟರ್ ಕಪ್ಲರ್‌ನಲ್ಲಿ (ವೈರ್ ಸಿಕ್ಕಿಸುವ ಪ್ಲಗ್) ವೋಲ್ಟ್ ಅಳೆಯಿರಿ. ಸುಮ್ಮನೆ ನಿಂತಾಗ ಅಳೆದರೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಓಡುತ್ತಿದ್ದು ಕಪ್ಲರ್‌ನಲ್ಲಿ 12 ವೋಲ್ಟಿಗಿಂತ ಜಾಸ್ತಿ ಬರುತ್ತಿದ್ದರೆ ವೈರಿಂಗ್ ಸರಿ ಇದೆ, ಚಾನೆಲ್ ನೋಡಿ. 10ರ ಹತ್ತಿರ ಕುಸಿದರೆ ಸ್ವಿಚ್, ಅರ್ಥ್, ಜೋಡಣೆಗಳನ್ನು ನೋಡಿ.

ಎಡ_ಬಾಗಿಲು:
ಕಿಟ್ ಜೊತೆ ಒಂದೇ ಒತ್ತಿಗೆ ಪೂರ್ತಿ ಏರುವ ಮಾಡ್ಯೂಲ್ ಕೊಟ್ಟರೆ ಬೇಡ ಅನ್ನಿ. ಬೆರಳು ಸಿಕ್ಕಿದರೆ ತಾನಾಗಿ ವಾಪಸ್ ಇಳಿಯುವ ವ್ಯವಸ್ಥೆ ಅಗ್ಗದ ಕಿಟ್‌ಗಳಲ್ಲಿ ಇರುವುದಿಲ್ಲ. ಮೋಟರ್ ಸುಟ್ಟರೆ ಏರಿಸಿದ ಗ್ಲಾಸು ಬಿದ್ದುಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ಸುಳ್ಳು, ಮೋಟರಿನ ವರ್ಮ್ ಗೇರ್ (ಸ್ಕ್ರೂ ಥರದ ಗೇರ್) ಗ್ಲಾಸಿನ ಭಾರಕ್ಕೆ ಹಿಂದಕ್ಕೆ ತಿರುಗುವುದಿಲ್ಲ. ತಂತಿಯಿಂದ ಗ್ಲಾಸು ಎಳೆಯುವ ಕೇಬಲ್ ಮಷೀನಿನಲ್ಲಿ ಆ ತಂತಿ ತುಂಡಾದರೆ ಬೀಳಬಹುದು.

ಆಗುಂಬೆ_ಘಾಟಿ:
ಬಿಚ್ಚಿ ನೋಡಿದೆ. ಮಷೀನ್ ಬಿಡಿಸಿದರೂ ಗ್ಲಾಸು ಅದೇ ಜಾಗದಲ್ಲಿ ಹಿಡಿಯುತ್ತದೆ. ಸೋಪು, ಸಿಲಿಕೋನ್ ಆದ ಮೇಲೆ ಅರ್ಧ ವಾಸಿ, ಆದರೆ ಏರುವಾಗ ಮುಂದಕ್ಕೆ ವಾಲುತ್ತಿದೆ.

ಹತ್ತನೇ_ಸ್ಪ್ಯಾನರ್:
ವಾಲುತ್ತಿದ್ದರೆ ಗ್ಲಾಸು ಓಡುವ ಕಬ್ಬಿಣದ ಚಾನೆಲ್ ಜರುಗಿದೆ. ಅದರ ಬೋಲ್ಟ್ ಕೊಂಚ ಸಡಿಲ ಮಾಡಿ, ಮಷೀನಿಗೆ ಗ್ಲಾಸು ವಾಪಸ್ ಜೋಡಿಸಿ, ಪೂರ್ತಿ ಮೇಲೆ ಏರಿಸಿ. ಚಾನೆಲ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ, ಆ ಸ್ಥಿತಿಯಲ್ಲೇ ಬೋಲ್ಟ್ ಬಿಗಿಯಿರಿ. ಮಖಮಲ್ ಪದರ ಹರಿದಿದ್ದರೆ ಹೊಸ ರಬ್ಬರ್ ಹಾಕಿ. ಬೆಂಗಳೂರಿಗೆ ಬಂದರೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಅಳತೆಗೆ ಹಳೇ ತುಂಡು ಜೊತೆಗಿರಲಿ. ಹ್ಯಾಂಡಲ್ ವಾಪಸ್ ಹಾಕುವಾಗ ಗ್ಲಾಸು ಮುಚ್ಚಿರಲಿ, ಪಕ್ಕದ ಬಾಗಿಲಿನದು ಯಾವ ಕಡೆ ನಿಂತಿದೆಯೋ ಅದೇ ಕೋನದಲ್ಲಿ ಕೂರಿಸಿ, ಇಲ್ಲದಿದ್ದರೆ ಮೊಣಕಾಲಿಗೆ ತಗಲುತ್ತದೆ. ಲಾಕ್ ಮೊದಲೇ ಹ್ಯಾಂಡಲ್‌ಗೆ ಸಿಕ್ಕಿಸಿ ಅಂಗೈಯಲ್ಲಿ ಗುದ್ದಿದರೆ ಟಕ್ ಅಂತ ಕೂರುತ್ತದೆ.