ಅಪ್‌ಡೇಟ್: ಸಿಲ್ವರ್ ಮರಗಳ ದೂರ ಕೊನೆಗೂ ಸರಿಯಾಗಿ ಸಿಕ್ಕಿತು

ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದಲ್ಲಿ ಎರಡು ವೆಬ್‌ಕ್ಯಾಮ್ ಪಕ್ಕಪಕ್ಕ ಇಟ್ಟು ಸಿಲ್ವರ್ ಓಕ್ ಮರಗಳ ದೂರ ಅಳೆಯೋಕೆ ಹೋದರೆ, ಹಿಂದಿನ ಸಾಲಿನ ಮರ ಲೆಕ್ಕದಲ್ಲಿ ಮುಂದೆ ಬರುತ್ತಿದೆ ಅಂತ ಇಲ್ಲಿ ಕೇಳಿದ್ದೆನಲ್ಲ, ಅದು ಸರಿಹೋಯಿತು. (ಎಡ–ಬಲ ಚಿತ್ರಗಳ ನಡುವೆ ಹತ್ತಿರದ ಮರ ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ; ಅದರಿಂದಲೇ ದೂರದ ಲೆಕ್ಕ.)

ಮ್ಯಾಚಿಂಗ್ ಬ್ಲಾಕ್ (ಎರಡು ಚಿತ್ರಗಳಲ್ಲಿ ಹೋಲಿಸಿ ಜೋಡಿ ಹುಡುಕುವ ಚಿಕ್ಕ ಚೌಕ) ದೊಡ್ಡದು ಮಾಡಿ ಅಂತ ಕೆಲವರು ಅಂದಿದ್ದರು. ಉಪಯೋಗ ಆಗಲಿಲ್ಲ, ಮೆಣಸಿನ ಬಳ್ಳಿಯ ಅಂಚು ಮಾತ್ರ ಕರಗಿಹೋಯಿತು. ಸಿಲ್ವರ್ ಕಾಂಡಗಳೆಲ್ಲ ಒಂದೇ ಥರ ಅಲ್ವಾ, ಎಡ ಚಿತ್ರದ ಕಾಂಡಕ್ಕೆ ಬಲ ಚಿತ್ರದಲ್ಲಿ ಪಕ್ಕದ ಕಾಂಡ ಜೋಡಿಯಾಗುತ್ತಿತ್ತು.

ಎರಡು ಕ್ಯಾಮೆರಾ ಒಂದಕ್ಕೊಂದು ಹತ್ತಿರ ತನ್ನಿ ಅಂದ ಸರ್‌ಗೆ ದೊಡ್ಡ ಥ್ಯಾಂಕ್ಸ್. ಅಂತರ 12 ಸೆಂ.ಮೀ.ನಿಂದ 6ಕ್ಕೆ ಇಳಿಸಿದೆ, ತಪ್ಪು ಜೋಡಿ ಬಹುತೇಕ ನಿಂತಿತು. ಆದರೆ ನಿಖರತೆ ಕಡಿಮೆ. ನನ್ನ ಕ್ಯಾಮೆರಾದ ಫೋಕಲ್ ಲೆಂತ್ (ಪಿಕ್ಸೆಲ್ ಲೆಕ್ಕದಲ್ಲಿ) 800, ಹಾಗಾಗಿ ಅಂತರ 6 ಸೆಂ.ಮೀ. ಇದ್ದಾಗ 6 ಮೀಟರ್ ದೂರದ ಮರ ಬರೀ 8 ಪಿಕ್ಸೆಲ್ ಸರಿಯುತ್ತದೆ. ಅದು 7 ಅಂತ ಬಂದರೆ ಲೆಕ್ಕ ಸುಮಾರು 6.9 ಮೀಟರ್! ಹಾಗಾಗಿ ಯಾವ ಕಾಂಡ ಅಂತ ಗುರುತಿಸೋಕೆ 6 ಸೆಂ.ಮೀ. ಅಂತರ, ಅಳತೆಗೆ 12 ಸೆಂ.ಮೀ.

ಎಷ್ಟು ಮಸುಕಾಗಿದೆ ಅಂತ ನೋಡಿ ದೂರ ಅಂದಾಜಿಸುವ ಬ್ಲರ್ ಐಡಿಯಾ ಫೋನಿನಲ್ಲಿ ನಡೆಯಲಿಲ್ಲ. ಸಣ್ಣ ಸೆನ್ಸರ್, ಎಲ್ಲವೂ ಶಾರ್ಪ್. ತಮ್ಮನ ಡಿಎಸ್‌ಎಲ್‌ಆರ್‌ನಲ್ಲಿ ಎಫ್/1.8 (ಲೆನ್ಸ್ ಅಗಲವಾಗಿ ತೆರೆದು) ಇಟ್ಟರೆ ಕೆಲಸ ಮಾಡಿತು. ಫೋಕಸ್ ಮಾತ್ರ ಎಲ್ಲಕ್ಕಿಂತ ಹತ್ತಿರದ ಮರಕ್ಕೇ ಇರಲಿ, ಇಲ್ಲದಿದ್ದರೆ ಮಸುಕಾದದ್ದು ಮುಂದಿದೆಯೋ ಹಿಂದಿದೆಯೋ ಗೊತ್ತಾಗಲ್ಲ.

ಗಾಳಿ ಬೀಸುವಾಗ ತೆಗೆಯೋದು ಬೇಡ. ಎರಡು ವೆಬ್‌ಕ್ಯಾಮ್ ಒಂದೇ ಕ್ಷಣಕ್ಕೆ ಕ್ಲಿಕ್ ಆಗಲ್ಲ, ಅಷ್ಟರಲ್ಲಿ ಎಲೆ ಅಲ್ಲಾಡಿರುತ್ತದೆ.